ಬೋರ್ಡಿಂಗಿನ ಸೂರು

ನಮ್ಮ ಶಾಲೆಯ ಐವತ್ತು ವರ್ಷಗಳ ಇತಿಹಾಸವನ್ನು ಬರೆಯಬಲ್ಲ ಗುರುಗಳೂ ಹಿರಿಯರೂ ಈ ಸಂಚಿಕೆಯಲ್ಲಿದ್ದಾರೆ. ನಾನು ಆರಿಸಿಕೊಂಡದ್ದು ಶಾಲೆಯ ಗೇಟಿನಾಚೆಯ ಇತಿಹಾಸ. ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನಮ್ಮಲ್ಲಿ ಅನೇಕರು ಟ್ರಂಕು ಹೊತ್ತು ಹೋಗಿ ಸೇರಿದ್ದು ಹುಬ್ಬಳ್ಳಿ-ಧಾರವಾಡದ ಬೋರ್ಡಿಂಗುಗಳನ್ನು. ಅವನ್ನು ಯಾರು ಕಟ್ಟಿದರು, ಈಗ ಸೋರುತ್ತಿರುವ ಅವುಗಳ ಸೂರನ್ನು ಯಾರು ದುರಸ್ತಿ ಮಾಡಬೇಕು ಎಂಬುದು ನನ್ನ ವಿಷಯ.

ಅಪ್ಪನ ಕಾರ್ಖಾನೆ ಕೆಲಸ ನಿಂತು ಮನೆಯವರು ಊರಿಗೆ ಮರಳಿದ ಮೇಲೆ ನಾನು ಬಿಇ ಓದಿದ್ದು ಒಂದು ಸಮಾಜದ ಬೋರ್ಡಿಂಗಿನಲ್ಲಿ. ಅದರ ಹೆಸರು ಇಲ್ಲಿ ಬೇಡ. ಅದರ ಹಳೆಯ ವಿದ್ಯಾರ್ಥಿಗಳು ಈಗ ದುರಸ್ತಿಗೆ ಪಟ್ಟಿ ಎತ್ತುತ್ತಿದ್ದೇವೆ. ಲೆಕ್ಕ ಇಡುವ ಕೆಲಸ ನನಗೆ ಬಿದ್ದಿದೆ. ಕಂಪ್ಯೂಟರಿನವನು ಅಂದರೆ ಲೆಕ್ಕ ಬರುತ್ತದೆ ಎಂದು ನಮ್ಮ ಹಿರಿಯರ ನಂಬಿಕೆ.

ಬೋರ್ಡಿಂಗುಗಳು ಬರುವ ಮೊದಲು ಬಡ ಹುಡುಗರಿಗೆ ಇದ್ದದ್ದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ವಾರ ಹಿಡಿಯಲು ಪರಿಚಯ ಬೇಕು. ಅದಕ್ಕಿಂತ ಹೆಚ್ಚಾಗಿ ಆ ಮನೆಯ ಹೊಸ್ತಿಲು ದಾಟಲು ಜಾತಿ ಬೇಕು. ಕೊಲ್ಹಾಪುರದ ಶಾಹೂ ಮಹಾರಾಜರು ಇದನ್ನು ಚೆನ್ನಾಗಿ ಅರಿತಿದ್ದರು. 1901ರಲ್ಲಿ ಅಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ಶುರುವಾಯಿತು. ಮುಂದೆ ಒಂದೊಂದು ಸಮಾಜಕ್ಕೂ ಒಂದೊಂದು ವಿದ್ಯಾರ್ಥಿನಿಲಯ ಬರಲು ಅವರು ನೆರವಾದರು. ಆಗ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಗೂ ಆ ಗಾಳಿ ಬೀಸಿತು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ಉಚಿತ ಪ್ರಸಾದ ನಿಲಯ ನಡೆಸಿದರು. ಅದನ್ನು ನಡೆಸಿದ್ದು ಭಕ್ತರ ಜೋಳ, ಬೇಳೆ, ಕಟ್ಟಿಗೆ. ದುಡ್ಡು ಕೊಡಲಾಗದವರು ಕಣದಿಂದ ಒಂದು ಚೀಲ ಕೊಡಬಹುದಿತ್ತು. ಇಂದಿನ ಯುಪಿಐ ಪಟ್ಟಿಯಲ್ಲಿ ಆ ಸೌಲಭ್ಯವಿಲ್ಲ.

ಕಾಲೇಜುಗಳ ಕಥೆಯೂ ಹೀಗೆಯೇ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಹುಟ್ಟಿತು. ಅದರ ಮರುವರ್ಷ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು; ಅದಕ್ಕಾಗಿ ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರಂಥವರು ದುಡಿದರು. ಹುಬ್ಬಳ್ಳಿಯಲ್ಲಿ 1947ರಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜು ಭೂಮರಡ್ಡಿಯವರ ಹೆಸರನ್ನೇ ಹೊತ್ತಿತು.

ಈ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ದಾನ ಮಾತ್ರ ಯಾವ ಕಲ್ಲಿನ ಮೇಲೂ ಬರೆಯುವಂಥದ್ದಲ್ಲ. 1928ರಲ್ಲಿ ಡಾ. ಅಂಬೇಡ್ಕರರು ದಲಿತ ಮಕ್ಕಳ ಶಿಕ್ಷಣಕ್ಕಾಗಿ ಒಂದು ಸಂಸ್ಥೆ ಕಟ್ಟಿದರು. ಅದರ ವಿದ್ಯಾರ್ಥಿನಿಲಯಗಳಲ್ಲಿ ಒಂದು ಧಾರವಾಡದಲ್ಲಿತ್ತು; ಬಲವಂತರಾವ್ ವರಾಳೆಯವರು ಅದನ್ನು ನೋಡಿಕೊಳ್ಳುತ್ತಿದ್ದರು. ರಮಾಬಾಯಿಯವರು ಕೆಲವು ದಿನ ವರಾಳೆಯವರ ಮನೆಯಲ್ಲಿ ಬಂದು ಉಳಿದಿದ್ದರು. ಅನುದಾನ ತಡವಾಗಿ, ದಿನಸಿ ಮುಗಿದು, ಮಕ್ಕಳು ಹಸಿದಿದ್ದಾರೆಂದು ಗೊತ್ತಾದಾಗ ಅವರು ತಮ್ಮ ಬಂಗಾರದ ಬಳೆಗಳನ್ನು ಬಿಚ್ಚಿ ಕೊಟ್ಟು ಅಡುಗೆ ಸಾಮಾನು ತರಿಸಿದರು ಎಂದು ಹೇಳುತ್ತಾರೆ. ಬಳೆ ಕೊಟ್ಟದ್ದು ಕಟ್ಟಡಕ್ಕಲ್ಲ, ಆ ದಿನದ ಊಟಕ್ಕೆ. ದಾನಗಳಲ್ಲಿ ಈ ಬಗೆಯದು ಬಲು ಅಪರೂಪ ಎಂದು ಪಟ್ಟಿ ಹಿಡಿದು ತಿರುಗಿದವರಿಗೆ ಗೊತ್ತು. ಹೊಸ ಕೋಣೆಗೆ ದುಡ್ಡು ಬರುತ್ತದೆ, ಬಾಗಿಲ ಮೇಲೆ ಹೆಸರು ಇರುತ್ತದೆ. ಪಾಯಖಾನೆಯ ಪೈಪು ಬದಲಿಸಲು ಯಾರ ಹೆಸರು ಹಾಕುವುದು? ನಮ್ಮ ಸಾಫ್ಟ್‌ವೇರ್ ಧಂಧೆಯಲ್ಲೂ ಹೊಸದನ್ನು ಕಟ್ಟಲು ಬಜೆಟ್ ಸಿಗುತ್ತದೆ, ಹಳೆಯದನ್ನು ಸರಿಯಾಗಿ ಇಡಲು ಸಿಗುವುದಿಲ್ಲ.

ಕಂಪನಿ ಕೆಲಸದ ಮೇಲೆ ಅಮೆರಿಕದಲ್ಲಿದ್ದಾಗ ಅಲ್ಲಿನ ಸಹೋದ್ಯೋಗಿಯೊಬ್ಬ ತನ್ನ ಕಾಲೇಜಿನ ಫ್ರಾಟರ್ನಿಟಿ ಮನೆಯ ದುರಸ್ತಿಗೆ ಬಂದ ಮನವಿ ಪತ್ರ ತೋರಿಸಿದ್ದ. ಫ್ರಾಟರ್ನಿಟಿ ಎಂದರೆ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ವಿದ್ಯಾರ್ಥಿ ಸಂಘ. ಅಂಥ ಮೊದಲ ಸಂಘ 1776ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿತು. ಮುಂದೆ ಸದಸ್ಯರು ಒಟ್ಟಿಗೆ ಇರುವ ಮನೆಗಳಾದವು. ಎಷ್ಟೋ ಕಡೆ ಮನೆಯ ಒಡೆತನ ಹಳೆಯ ವಿದ್ಯಾರ್ಥಿಗಳದೇ ಒಂದು ಕಂಪನಿಯದು. ದೇಣಿಗೆಯನ್ನು ಒಂದೇ ಸಲ ಕೇಳುವುದಿಲ್ಲ, ಮೂರು ಅಥವಾ ಐದು ವರ್ಷಗಳ ಕಂತಿಗೆ ಮಾತು ಪಡೆಯುತ್ತಾರೆ. ಬೆಂಕಿ ಬಿದ್ದರೆ ತಾನೇ ನೀರು ಚಿಮ್ಮಿಸುವ ವ್ಯವಸ್ಥೆಗೂ ಹಣ ಕೂಡಿಸುತ್ತಾರೆ. ಆದರೆ ಆ ಸಂಘಗಳನ್ನು ಅಲ್ಲಿನ ತೆರಿಗೆ ಕಾನೂನು ಕ್ಲಬ್ಬು ಎಂದು ಎಣಿಸುವುದರಿಂದ ಮನೆಗೆ ಕೊಟ್ಟ ದುಡ್ಡಿಗೆ ವಿನಾಯಿತಿ ಇಲ್ಲ. ಓದುವ ಕೋಣೆಯಂಥ ಭಾಗಕ್ಕೆ ಬೇರೆ ಶೈಕ್ಷಣಿಕ ಪ್ರತಿಷ್ಠಾನದ ಮೂಲಕ ಕೊಡುತ್ತಾರೆ. ಅಲ್ಲಿನ ಅನೇಕ ಸಂಘಗಳು ಕಳೆದ ಶತಮಾನದ ನಡುವಿನವರೆಗೂ ಬಿಳಿಯ ಕ್ರೈಸ್ತರಿಗಷ್ಟೇ ಪ್ರವೇಶ ಎಂಬ ನಿಯಮ ಇಟ್ಟುಕೊಂಡಿದ್ದವು ಎಂಬುದನ್ನೂ ಅವನೇ ಹೇಳಿದ.

ನಮ್ಮ ಪಟ್ಟಿಯೂ ಅದೇ ಕಲ್ಲಿಗೆ ಎಡವಿತು. ನಮ್ಮ ಬೋರ್ಡಿಂಗಿನ ಘಟನೆಯಲ್ಲಿ ನಮ್ಮ ಸಮಾಜದ ಹುಡುಗರಿಗೆ ಮಾತ್ರ ಎಂದಿದೆ. ನಿರ್ದಿಷ್ಟ ಧರ್ಮ ಅಥವಾ ಜಾತಿಯ ಪ್ರಯೋಜನಕ್ಕೆಂದೇ ಇರುವ ಸಂಸ್ಥೆಗೆ ಆದಾಯ ತೆರಿಗೆಯ 80ಜಿ ಕಲಮಿನ ವಿನಾಯಿತಿ ಸಿಗುವುದಿಲ್ಲ ಎಂದು ಲೆಕ್ಕಪರಿಶೋಧಕರು ತಿಳಿಸಿದರು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳಿಗಾಗಿ ಇರುವ ಸಂಸ್ಥೆಗಳಿಗೆ ಈ ಅಡ್ಡಿಯಿಲ್ಲ. ಇನ್ನು ಅಮೆರಿಕದ ಪೌರತ್ವ ಪಡೆದ ಗೆಳೆಯರ ಹಣ ವಿದೇಶಿ ದೇಣಿಗೆಯಾಗುತ್ತದೆ. ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಮುಟ್ಟುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರಿಗೆ ಈ ತೊಡಕಿಲ್ಲ. ಶಾಲೆಗೆ ದೇಣಿಗೆ ಕೂಡಿಸುವವರಿಗೂ ಉಪಯೋಗವಾದೀತೆಂದು ಇಷ್ಟು ಬಿಡಿಸಿ ಬರೆದಿದ್ದೇನೆ.

ಘಟನೆ ತಿದ್ದಿ ಎಲ್ಲ ಹುಡುಗರಿಗೂ ಬಾಗಿಲು ತೆರೆಯೋಣ ಎಂದು ಸಭೆಯಲ್ಲಿ ನಾನು ಹೇಳಿದೆ. ಹಿರಿಯರೊಬ್ಬರು ಎದ್ದು ನಿಂತರು. ‘ತಮ್ಮಾ, ಬ್ಯಾರೆ ಕಡೆ ನಮ್ಮನ್ನ ಒಳಗ ಬಿಟ್ಟಿದ್ದರ ನಮ್ಮ ಅಪ್ಪಂದಿರು ಇದನ್ನ ಕಟ್ಟತಿದ್ದಿಲ್ಲ’ ಎಂದರು. ಆ ಮಾತಿನಲ್ಲಿ ಸುಳ್ಳಿಲ್ಲ. 1972ರಲ್ಲಿ ನೇಮಕವಾದ ಹಾವನೂರ ಆಯೋಗ 1975ರಲ್ಲಿ ವರದಿ ಕೊಡುವ ಹೊತ್ತಿಗೂ ಎಷ್ಟೋ ಸಮಾಜದ ಮಕ್ಕಳಿಗೆ ತಮ್ಮವರದೇ ಒಂದು ಸೂರು ಇರಲಿಲ್ಲ. ಸಮಾಜ ಕಲ್ಯಾಣ ಇಲಾಖೆಯ ಮತ್ತು ಬಿಸಿಎಂ ಹಾಸ್ಟೆಲುಗಳು ಆ ಕೊರತೆಯನ್ನು ಬಹಳಮಟ್ಟಿಗೆ ತುಂಬಿದವು. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ನಮ್ಮ ಶಾಲೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತವನನ್ನು ನಾನು ಮಲಗಿದ ಬೋರ್ಡಿಂಗು ಒಳಗೆ ಬಿಡುತ್ತಿರಲಿಲ್ಲ. ನಸುಕಿನ ಬಸ್ಸಿಗೆ ನಮ್ಮವ್ವ ಕಳಿಸಿದ ರೊಟ್ಟಿಯ ಬುತ್ತಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಕೂತು ತಿನ್ನುತ್ತಿದ್ದೆವು. ಆಮೇಲೆ ಅವನು ತನ್ನ ಬಾಡಿಗೆ ಕೋಣೆಗೆ, ನಾನು ಬೋರ್ಡಿಂಗಿಗೆ.

ಗೋಕುಲ ರಸ್ತೆಯೂ ಈಗ ಆಗಿನದಲ್ಲ. ವಿಮಾನ ನಿಲ್ದಾಣ ಹೊಸದಾಗಿದೆ, 2022ರಲ್ಲಿ ಇನ್ಫೋಸಿಸ್ ಕಚೇರಿ ತೆರೆದಿದೆ. ಕೈಗಾರಿಕಾ ವಸಾಹತಿನಲ್ಲಿ ದುಡಿಯುವವರ ಮಕ್ಕಳು ನಮ್ಮ ಶಾಲೆಯಲ್ಲಿ ಈಗಲೂ ಓದುತ್ತಿದ್ದಾರೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಅವರಲ್ಲಿ ಕೆಲವರಿಗೆ ಮತ್ತೆ ಕಾಟಿನ ಪ್ರಶ್ನೆ ಏಳುತ್ತದೆ.

ಬೋರ್ಡಿಂಗಿನ ಹಂಚು ತೆಗೆದು ಛಾವಣಿ ಮುಗಿಸಿದ್ದೇವೆ. ವೈರಿಂಗ್, ನೀರಿನ ಟಾಕಿ, ಅಡುಗೆಮನೆಯ ಹೊಗೆ ಗೂಡು ಉಳಿದಿವೆ. ಘಟನೆ ತಿದ್ದುವ ವಿಷಯ ದಸರೆ ಆದ ಮೇಲಿನ ಸಾಮಾನ್ಯ ಸಭೆಗೆ ಬರಲಿದೆ. ಆ ಹಿರಿಯರು ತಮ್ಮ ಎರಡನೆಯ ಕಂತನ್ನು ಆಗಲೇ ಕೊಟ್ಟಿದ್ದಾರೆ. ರಸೀದಿಯ ಮೇಲೆ ‘ಅಡುಗೆಮನೆಗೆ’ ಎಂದು ಬರೆಸಿಕೊಂಡು ಹೋದರು.