ಹಳೆಯ ಸಿ.ಡಿ. ಪ್ಲೇಯರ್: ಕೆಡುವುದು ಲೇಸರ್ ಮಾತ್ರವಲ್ಲ

ಜಪಾನಿನ ಸೋನಿ ಸಂಸ್ಥೆಯು ತನ್ನ ಮೊದಲ ಸಿ.ಡಿ. ಪ್ಲೇಯರ್ 'ಸಿಡಿಪಿ-101' ಅನ್ನು ಮಾರುಕಟ್ಟೆಗೆ ಬಿಡುಗಡೆ ಮಾಡಿದ್ದು 1982ರ ಅಕ್ಟೋಬರ್ 1ರಂದು. ಆ ತಲೆಮಾರಿನ ಯಂತ್ರಗಳಿಗೆ ಈಗ 40 ವರ್ಷ ದಾಟಿದೆ. ಕೆಲವು ಇನ್ನೂ ಹಾಡುತ್ತಿವೆ. 'ಲೇಸರ್ ಹೋಗಿದೆ' ಎಂಬ ಒಂದೇ ಮಾತಿಗೆ ಗುಜರಿ ಸೇರಿದವೂ ಇವೆ. ಈ ತೀರ್ಪು ಅನೇಕ ವೇಳೆ ಅವಸರದ್ದು.

ಸಿ.ಡಿ.ಯ ಮೇಲಿನ ಸುರುಳಿಯ ಒಂದು ಸುತ್ತಿಗೂ ಮತ್ತೊಂದಕ್ಕೂ ಇರುವ ಅಂತರ ಕೇವಲ 1.6 ಮೈಕ್ರಾನ್. ಅದನ್ನು ಓದುವ ಮಸೂರದ ಮೇಲೆ ತೆಳುವಾಗಿ ಧೂಳು ಕುಳಿತರೂ ಹಾಡು ತಡವರಿಸುತ್ತದೆ. ಸಿ.ಡಿ. ಒಳಗಿನಿಂದ ಹೊರಕ್ಕೆ ಓದಲ್ಪಡುವುದರಿಂದ, ಆರಂಭದ ಹಾಡುಗಳು ಸರಿಯಾಗಿದ್ದು ಕೊನೆಯವು ಮಾತ್ರ ತೊಡರಿದರೆ, ಮಸೂರ ಜಾರುವ ಕಂಬಿಯ ಗ್ರೀಸ್ ಗಟ್ಟಿಯಾಗಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕು. ಟ್ರೇ ತೆರೆಯದಿದ್ದರೆ ಸಾಮಾನ್ಯವಾಗಿ ಸಡಿಲಗೊಂಡ ಪುಟ್ಟ ರಬ್ಬರ್ ಬೆಲ್ಟೇ ಕಾರಣ. ಕೆಲವು ಮಾದರಿಗಳಲ್ಲಿ ಸಿ.ಡಿ.ಯನ್ನು ಅದುಮಿ ಹಿಡಿಯುವ ಭಾಗವನ್ನೂ ಅದೇ ಬೆಲ್ಟ್ ಚಲಿಸುತ್ತದೆ. ಆಗ ಯಂತ್ರವು 'ನೋ ಡಿಸ್ಕ್' ಎಂದು ತೋರಿಸಿದರೆ, ದೋಷ ಲೇಸರಿನದೆಂದೇ ಭಾವಿಸಲಾಗುತ್ತದೆ!

ಲೇಸರ್ ಡಯೋಡಿನ ಬೆಳಕು ವರ್ಷಗಳು ಕಳೆದಂತೆ ಕ್ಷೀಣಿಸುವುದು ನಿಜ. ಅದರ ವಿದ್ಯುತ್ತನ್ನು ನಿಯಂತ್ರಿಸುವ ಸಣ್ಣ ತಿರುಪನ್ನು ತಿರುಗಿಸಿ ಬೆಳಕು ಹೆಚ್ಚಿಸುವುದು ಕೆಲವು ರಿಪೇರಿಗಾರರ ರೂಢಿ. ಯಂತ್ರ ಕೆಲಕಾಲ ಹಾಡುತ್ತದೆ, ಆದರೆ ಡಯೋಡಿನ ಉಳಿದ ಆಯಸ್ಸು ಮತ್ತಷ್ಟು ಕುಗ್ಗುತ್ತದೆ. ಈ 780 ನ್ಯಾನೋಮೀಟರ್ ತರಂಗಾಂತರದ ಕಿರಣ ಕಣ್ಣಿಗೆ ಬಹುತೇಕ ಕಾಣದು. ಹೀಗಾಗಿ ಮುಚ್ಚಳ ತೆಗೆದ ಯಂತ್ರದ ಮಸೂರವನ್ನು ನೇರವಾಗಿ ದಿಟ್ಟಿಸುವುದು ಅಪಾಯಕರ. ಸಿ.ಡಿ.-ಆರ್‌ಡಬ್ಲ್ಯೂ ತಟ್ಟೆಯನ್ನು ಹಾಕಿ ಹಳೆಯ ಯಂತ್ರವನ್ನು ಪರೀಕ್ಷಿಸುವುದೂ ಸಲ್ಲದು. ಆ ತಟ್ಟೆ ಪ್ರತಿಫಲಿಸುವ ಬೆಳಕು ತೀರಾ ಕಡಿಮೆಯಾದ್ದರಿಂದ ಸುಸ್ಥಿತಿಯಲ್ಲಿರುವ ಹಳೆಯ ಪ್ಲೇಯರ್ ಕೂಡ ಅದನ್ನು ಓದಲಾರದು. ಕಂಪನಿಯಲ್ಲೇ ಅಚ್ಚಾದ, ಗೀರಿಲ್ಲದ ಸಿ.ಡಿ.ಯೇ ಇದಕ್ಕೆ ಸೂಕ್ತ.

ಬಾಳಿಕೆಯ ವಿಷಯದಲ್ಲಿ ಫಿಲಿಪ್ಸ್ ಸಂಸ್ಥೆಯ 1980ರ ದಶಕದ 'ಸಿಡಿಎಂ-1' ಯಾಂತ್ರಿಕ ಭಾಗಕ್ಕೆ ಇಂದಿಗೂ ಒಳ್ಳೆಯ ಹೆಸರಿದೆ. ಇದರಲ್ಲಿ ಮಸೂರ ಕಂಬಿಯ ಮೇಲೆ ಜಾರುವುದಿಲ್ಲ. ಗ್ರಾಮಫೋನಿನ ತೋಳಿನಂತೆ ಕಮಾನಿನಾಕಾರದಲ್ಲಿ ಚಲಿಸುತ್ತದೆ. ಲೋಹದ ಚೌಕಟ್ಟು, ಗಾಜಿನ ಮಸೂರ. ಸವೆಯಲು ಹಲ್ಲುಚಕ್ರಗಳೇ ಇಲ್ಲ. ಇಂಥ ಯಂತ್ರಗಳಲ್ಲಿ ಮೊದಲು ಕೈಕೊಡುವುದು ಬಹುಪಾಲು ಒಣಗಿದ ಕೆಪ್ಯಾಸಿಟರ್‌ಗಳು ಮತ್ತು ಬಿರುಕುಬಿಟ್ಟ ಬೆಸುಗೆಗಳು. ಇವೆರಡನ್ನೂ ನುರಿತ ರಿಪೇರಿಗಾರರು ಅಲ್ಪ ವೆಚ್ಚದಲ್ಲಿ ಸರಿಪಡಿಸಬಲ್ಲರು. ಲೇಸರ್ ಭಾಗವೇ ಸತ್ತರೆ ಮಾತ್ರ ಕಷ್ಟ: ಅದರ ತಯಾರಿಕೆ ನಿಂತು ದಶಕಗಳೇ ಆಗಿರುವುದರಿಂದ, ಅಂಥದೇ ಮತ್ತೊಂದು ಕೆಟ್ಟ ಪ್ಲೇಯರನ್ನು ಹುಡುಕಿ ಕಳಚಿಕೊಳ್ಳಬೇಕಾಗುತ್ತದೆ.