ಬೆತ್ನಲ್ ಗ್ರೀನ್: ಪೂರ್ವ ಲಂಡನ್ನಿನ ಒಂದು ಮತಕ್ಷೇತ್ರದ ಇತಿಹಾಸ

ಬ್ರಿಟನ್ನಿನ ಸಂಸತ್ತಿನ ಚರಿತ್ರೆ ಓದುವಾಗ ನಮಗೆ ಪ್ರಧಾನಿಗಳ ಹೆಸರು ನೆನಪಿರುತ್ತದೆ, ಅವರನ್ನು ಆರಿಸಿ ಕಳುಹಿಸಿದ ಕ್ಷೇತ್ರಗಳು ನೆನಪಿರುವುದಿಲ್ಲ. ಆದರೆ ಯಾರ ಮತಕ್ಕೆ ಎಷ್ಟು ಬೆಲೆ ಎಂಬುದನ್ನು ಎಷ್ಟೋ ಸಲ ತೀರ್ಮಾನಿಸುವುದು ನಕ್ಷೆಯ ಮೇಲೆ ಎಳೆದ ಗೆರೆ. ಲಂಡನ್ ನಗರದ ಪೂರ್ವಕ್ಕಿರುವ ಬೆತ್ನಲ್ ಗ್ರೀನ್ ಕ್ಷೇತ್ರದ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ.

1832ರ ಸುಧಾರಣಾ ಕಾಯ್ದೆಗೆ ಮೊದಲು ಪೂರ್ವ ಲಂಡನ್ನಿಗೆ ತನ್ನದೆಂಬ ಸದಸ್ಯರೇ ಇರಲಿಲ್ಲ. ಇಡೀ ಪ್ರದೇಶ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿ ಸೇರಿಹೋಗಿತ್ತು. ಆ ಕಾಯ್ದೆ ಟವರ್ ಹ್ಯಾಮ್ಲೆಟ್ಸ್ ಎಂಬ ವಿಶಾಲ ಕ್ಷೇತ್ರವನ್ನು ರಚಿಸಿ ಅದಕ್ಕೆ ಇಬ್ಬರು ಸದಸ್ಯರನ್ನು ಕೊಟ್ಟಿತು. 1868ರಲ್ಲಿ ಬೆತ್ನಲ್ ಗ್ರೀನನ್ನು ಅದರಿಂದ ಬೇರ್ಪಡಿಸಿ ಹ್ಯಾಕ್ನಿ ಕ್ಷೇತ್ರಕ್ಕೆ ಸೇರಿಸಲಾಯಿತು. 1885ರಲ್ಲಿ ಅದು ಸ್ವತಂತ್ರವಾಗಿ, ಈಶಾನ್ಯ ಮತ್ತು ನೈರುತ್ಯ ಎಂಬ ಎರಡು ಕ್ಷೇತ್ರಗಳಾಯಿತು. ನೇಕಾರರು, ಪೀಠೋಪಕರಣ ಮಾಡುವವರು, ಚಮ್ಮಾರರು ಕಿಕ್ಕಿರಿದು ಬದುಕುತ್ತಿದ್ದ ಬಡ ಬಡಾವಣೆ ಅದು. ಆದರೂ ಮತದಾರರು ಕಡಿಮೆ. ಹೆಂಗಸರಿಗೆ ಮತವಿಲ್ಲ, ಗಂಡಸರಲ್ಲೂ 12 ತಿಂಗಳು ಒಂದೇ ಕಡೆ ನೆಲೆಸಿದ ಮನೆವಾಸಿಗಳಿಗೆ ಮಾತ್ರ. ಬಾಡಿಗೆ ಕಟ್ಟಲಾಗದೆ ಮನೆಯಿಂದ ಮನೆಗೆ ಅಲೆಯುವವನ ಹೆಸರು ಪಟ್ಟಿಗೆ ಬರುತ್ತಲೇ ಇರಲಿಲ್ಲ.

ಇಂತಹ ಕ್ಷೇತ್ರದಿಂದ 1895ರಲ್ಲಿ ಆರಿಸಿ ಬಂದವರು ಒಬ್ಬ ಭಾರತೀಯ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ದಾದಾಭಾಯಿ ನವರೋಜಿಯವರು 1892ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯಿಂದ ಬೆರಳೆಣಿಕೆಯ ಮತಗಳಿಂದ ಗೆದ್ದದ್ದು ಪಠ್ಯಪುಸ್ತಕಗಳಲ್ಲಿದೆ. ಅವರು ಸೋತ 1895ರ ಚುನಾವಣೆಯಲ್ಲೇ ಮುಂಬಯಿಯ ಇನ್ನೊಬ್ಬ ಪಾರ್ಸಿ, ಸರ್ ಮಂಚರ್ಜಿ ಭಾವನಗರಿ, ಈಶಾನ್ಯ ಬೆತ್ನಲ್ ಗ್ರೀನ್‌ನಲ್ಲಿ ಕಾರ್ಮಿಕ ನಾಯಕ ಜಾರ್ಜ್ ಹೊವೆಲ್‌ರನ್ನು 160 ಮತಗಳಿಂದ ಸೋಲಿಸಿದರು. ನವರೋಜಿ ಲಿಬರಲ್, ಇವರು ಕನ್ಸರ್ವೇಟಿವ್. ಬ್ರಿಟಿಷ್ ಆಳ್ವಿಕೆಯ ಬೆಂಬಲಿಗರು. ಕಾಂಗ್ರೆಸ್ಸಿನವರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಆದರೂ ದಕ್ಷಿಣ ಆಫ್ರಿಕದ ಭಾರತೀಯರ ಪರವಾಗಿ ಕಾಮನ್ಸ್ ಸಭೆಯಲ್ಲಿ ಅವರು ಪಟ್ಟು ಹಿಡಿದು ಮಾತನಾಡಿದರು, ಗಾಂಧೀಜಿಯವರೊಡನೆ ಪತ್ರವ್ಯವಹಾರವನ್ನೂ ಇಟ್ಟುಕೊಂಡಿದ್ದರು. ಅವರನ್ನು ಪೂರ್ತಿ ಮರೆತುಬಿಟ್ಟದ್ದು ನ್ಯಾಯವಲ್ಲವೆಂದೇ ನನ್ನ ಭಾವನೆ. 1906ರಲ್ಲಿ ಅವರು ಸೋತರು.

ಮುಂದೆ ಜನಸಂಖ್ಯೆ ಕರಗತೊಡಗಿತು. 1901ರಲ್ಲಿ ಸುಮಾರು 1,30,000 ಇದ್ದ ಬೆತ್ನಲ್ ಗ್ರೀನ್‌ನ ಜನಸಂಖ್ಯೆ 1951ರ ಹೊತ್ತಿಗೆ 60,000ಕ್ಕಿಂತ ಕಡಿಮೆಯಾಗಿತ್ತು. ಕೊಳೆಗೇರಿಗಳ ತೆರವು ಒಂದು ಕಾರಣ, ಯುದ್ಧದ ಬಾಂಬುಗಳು ಇನ್ನೊಂದು. 1943ರ ಮಾರ್ಚ್ 3ರಂದು ಇಲ್ಲಿನ ಸುರಂಗ ರೈಲು ನಿಲ್ದಾಣಕ್ಕೆ ಆಶ್ರಯಕ್ಕಾಗಿ ಇಳಿಯುತ್ತಿದ್ದ ಜನರಲ್ಲಿ 173 ಮಂದಿ ಮೆಟ್ಟಿಲ ಮೇಲೆ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಜನ ಕಡಿಮೆಯಾದಂತೆ 1950ರಲ್ಲಿ ಎರಡು ಕ್ಷೇತ್ರಗಳ ಬದಲು ಬೆತ್ನಲ್ ಗ್ರೀನ್ ಎಂಬ ಒಂದೇ ಕ್ಷೇತ್ರ ಉಳಿಯಿತು. ಅದೂ ಸಾಲದೆ ಹೋದಾಗ ನೆರೆಯ ಊರುಗಳ ಜತೆ ಜೋಡಿ ಕಟ್ಟುವುದು ಶುರುವಾಯಿತು: 1974ರಲ್ಲಿ ಬೆತ್ನಲ್ ಗ್ರೀನ್–ಬೋ, 1983ರಲ್ಲಿ ಬೆತ್ನಲ್ ಗ್ರೀನ್–ಸ್ಟೆಪ್ನಿ, 1997ರಲ್ಲಿ ಮತ್ತೆ ಬೋ, 2024ರಲ್ಲಿ ಮತ್ತೆ ಸ್ಟೆಪ್ನಿ.

ಊರು ಇದ್ದಲ್ಲೇ ಇದ್ದು ಕ್ಷೇತ್ರ ಮಾತ್ರ ಬದಲಾಗುವುದನ್ನು ನೋಡಬೇಕಾದರೆ ಬ್ರಿಕ್ ಲೇನ್ ಬೀದಿಗೆ ಹೋಗಬೇಕು. ಅಲ್ಲೊಂದು ಕಟ್ಟಡವಿದೆ. ಫ್ರಾನ್ಸಿನಿಂದ ಓಡಿಬಂದ ಪ್ರೊಟೆಸ್ಟಂಟ್ ರೇಷ್ಮೆ ನೇಕಾರರ ಪ್ರಾರ್ಥನಾ ಮಂದಿರವಾಗಿ 1743ರಲ್ಲಿ ಕಟ್ಟಿದ್ದು. 1898ರಲ್ಲಿ ಅದು ಯಹೂದಿಗಳ ಸಿನಗಾಗ್ ಆಯಿತು, 1976ರಲ್ಲಿ ಜಾಮೆ ಮಸೀದಿ. 1885ರಲ್ಲಿ ಈ ಬೀದಿಯ ಸ್ಪಿಟಲ್‌ಫೀಲ್ಡ್ಸ್ ಭಾಗ ವೈಟ್‌ಚಾಪೆಲ್ ಕ್ಷೇತ್ರದಲ್ಲಿತ್ತು, 1983ರಿಂದ ಬೆತ್ನಲ್ ಗ್ರೀನ್‌ನ ಜತೆಗಿದೆ. ಸಿಲ್ಹೆಟ್ ಜಿಲ್ಲೆಯಿಂದ ಹಡಗಿನ ಖಲಾಸಿಗಳಾಗಿ ಬಂದವರ ಬೆನ್ನಿಗೇ ಬಂದ ಬಂಗಾಳಿ ಮುಸ್ಲಿಮರು ಇಲ್ಲಿ ನೆಲೆನಿಂತರು. ಅದು ಸುಲಭವಾಗಿರಲಿಲ್ಲ. 1978ರ ಮೇ 4ರಂದು, ಸ್ಥಳೀಯ ಚುನಾವಣೆಯ ದಿನವೇ, ಅಲ್ತಾಬ್ ಅಲಿ ಎಂಬ ತರುಣ ಹೊಲಿಗೆ ಕಾರ್ಮಿಕನನ್ನು ಜನಾಂಗದ್ವೇಷಿಗಳು ವೈಟ್‌ಚಾಪೆಲ್‌ನಲ್ಲಿ ಇರಿದು ಕೊಂದರು. ಸಾವಿರಾರು ಜನ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ನಿವಾಸದವರೆಗೆ ನಡೆದರು. ಆ ಸ್ಥಳದ ಉದ್ಯಾನಕ್ಕೆ ಇಂದು ಅವನ ಹೆಸರಿದೆ.

ಇವರಿಗೊಂದು ಬಲ ಮೊದಲಿಂದಲೂ ಇತ್ತು. ಕಾಮನ್‌ವೆಲ್ತ್ ದೇಶದ ಪ್ರಜೆ ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ವಾಸಿಸುತ್ತಿದ್ದರೆ, ಅಲ್ಲಿನ ಪೌರತ್ವ ಇಲ್ಲದಿದ್ದರೂ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಲಂಡನ್ನಿಗೆ ಓದಲು ಹೋದ ನಮ್ಮ ಮಂಗಳೂರು, ಕಲಬುರಗಿಯ ಹುಡುಗ ಹುಡುಗಿಯರಿಗೂ ಈ ಹಕ್ಕಿದೆ. ಎಷ್ಟು ಮಂದಿ ಬಳಸುತ್ತಾರೋ! 2005ರಲ್ಲಿ ಇರಾಕ್ ಯುದ್ಧದ ಸಿಟ್ಟು ಇಲ್ಲಿ ಲೇಬರ್ ಪಕ್ಷದ ಊನಾ ಕಿಂಗ್‌ರನ್ನು 823 ಮತಗಳಿಂದ ಸೋಲಿಸಿ ಜಾರ್ಜ್ ಗ್ಯಾಲೊವೇ ಅವರನ್ನು ಗೆಲ್ಲಿಸಿತು. 2010ರಲ್ಲಿ ಗೆದ್ದ ರುಶನಾರಾ ಅಲಿ ಕಾಮನ್ಸ್ ಸಭೆಯ ಮೊದಲ ಬಾಂಗ್ಲಾ ಮೂಲದ ಸದಸ್ಯೆ. ಅದೇ ವರ್ಷ ಆ ಸಭೆ ಪ್ರವೇಶಿಸಿದ ಮೊದಲ ಮೂವರು ಮುಸ್ಲಿಂ ಮಹಿಳೆಯರಲ್ಲಿ ಅವರೂ ಒಬ್ಬರು. 2019ರಲ್ಲಿ 37 ಸಾವಿರಕ್ಕೂ ಮಿಕ್ಕಿದ್ದ ಅವರ ಅಂತರ 2024ರಲ್ಲಿ 1,689ಕ್ಕೆ ಇಳಿಯಿತು. ಈ ಸಲ ಕಾರಣ ಗಾಝಾ.

2024ರ ಗೆರೆಗಳ ಬಗ್ಗೆ ಒಂದು ಮಾತು. ನಮ್ಮಲ್ಲಿ ಕ್ಷೇತ್ರ ಪುನರ್ವಿಂಗಡಣೆ ಜನಗಣತಿಯನ್ನು ನೋಡಿ ನಡೆಯುತ್ತದೆ. 2008ರಲ್ಲಿ ಕರ್ನಾಟಕ ವಿಧಾನಸಭೆಗೆ ಹೊಸ ಕ್ಷೇತ್ರಗಳಲ್ಲಿ ಚುನಾವಣೆ ನಡೆದದ್ದು 2001ರ ಗಣತಿಯ ಆಧಾರದಲ್ಲಿ. ಮಗುವೂ ಲೆಕ್ಕಕ್ಕೆ ಬಂತು, ಮತದಾರನಾಗದ ಮುದುಕನೂ ಬಂದ. ಬ್ರಿಟನ್ನಿನಲ್ಲಿ ಲೆಕ್ಕ ಮತದಾರರ ಪಟ್ಟಿಯದು ಮಾತ್ರ. 2020ರ ಮಾರ್ಚ್ 2ರಂದು ಪಟ್ಟಿಯಲ್ಲಿದ್ದ ಹೆಸರುಗಳನ್ನು ಎಣಿಸಿ, ಕೆಲವು ದ್ವೀಪ ಕ್ಷೇತ್ರಗಳನ್ನು ಬಿಟ್ಟು, ಪ್ರತಿ ಕ್ಷೇತ್ರದಲ್ಲೂ 69,724ರಿಂದ 77,062ರೊಳಗೆ ಮತದಾರರು ಇರಬೇಕೆಂದು ಗಡಿ ಆಯೋಗ ಗೆರೆ ಎಳೆಯಿತು. ಬೋ ಭಾಗ ಲೀ ನದಿ ದಾಟಿ ಸ್ಟ್ರಾಟ್‌ಫರ್ಡ್ ಜತೆ ಸೇರಿತು. ಹಳೆಯ ಕಾಲದಲ್ಲಿ ಎರಡು ಕೌಂಟಿಗಳ ಗಡಿಯಾಗಿದ್ದ ನದಿ ಅದು. ಬೋ ಎಂಬ ಹೆಸರು ಬಂದದ್ದೇ ಅದರ ಮೇಲಿನ ಕಮಾನು ಸೇತುವೆಯಿಂದ.

ಈ ವಿಧಾನದಲ್ಲಿ ಪದೇ ಪದೇ ಮನೆ ಬದಲಿಸುವ ಬಾಡಿಗೆದಾರರು, ಯುವಕರು, ಹೊಸದಾಗಿ ವಲಸೆ ಬಂದವರು ಪಟ್ಟಿಯಿಂದ ಹೊರಗುಳಿದರೆ ಅವರ ಬಡಾವಣೆಯೇ ನಕ್ಷೆಯಲ್ಲಿ ಕುಗ್ಗುತ್ತದೆ. ಪಟ್ಟಿಗೆ ಬಾರದವನು ಒಂದು ಮತವನ್ನಷ್ಟೇ ಕಳೆದುಕೊಳ್ಳುವುದಿಲ್ಲ, ನೆರೆಯವನ ಪ್ರಾತಿನಿಧ್ಯವನ್ನೂ ಕಿರಿದು ಮಾಡುತ್ತಾನೆ. ಪೂರ್ವ ಲಂಡನ್ನಿನ ಮಟ್ಟಿಗೆ ಇದು 1885ರ ಹಳೆಯ ತೊಂದರೆಯೇ, ವೇಷ ಮಾತ್ರ ಬೇರೆ. 2020ರ ಕಾಯ್ದೆಯ ಪ್ರಕಾರ ಗಡಿ ಆಯೋಗದ ಮುಂದಿನ ವರದಿ 2031ರ ಅಕ್ಟೋಬರ್ 1ರೊಳಗೆ ಬರಬೇಕು.