ನೋವಿಗೂ ಬೇಕು ಸಂಗಡ

ಆಳಂದ ತಾಲೂಕಿನ ಗಡಿಗ್ರಾಮ ಖಜೂರಿಯಂಥ ಊರಿಗೆ ಸೈನಿಕನೊಬ್ಬ ನಿವೃತ್ತನಾಗಿ ಮರಳಿದಾಗ ಹಾರ ತುರಾಯಿಗಳಿಗೆ ಕೊರತೆಯಿರಲಾರದು. ಆದರೆ ವರ್ಷಾನುಗಟ್ಟಲೆ ಬಿಡದೆ ಕಾಡುವ ಅವನ ಬೆನ್ನುನೋವಿಗೆ ಕಿವಿಗೊಡುವವರಾರು? ನೋವನ್ನು ನುಂಗುವುದೇ ಶೌರ್ಯವೆಂದು ಕಲಿತವನು ಅದನ್ನು ಹೇಳಿಕೊಳ್ಳಲು ನಾಚುತ್ತಾನೆ. ಮೌನ ಬೆಳೆದಷ್ಟೂ ನೋವು ಹಿರಿದಾಗುತ್ತದೆ.

ಈ ಮೌನವನ್ನು ಮುರಿಯುವ ಪ್ರಯತ್ನಕ್ಕೆ ಒಂದು ಚರಿತ್ರೆಯಿದೆ. 1897ರಲ್ಲಿ ನಮ್ಮ ಮಥುರೆಯಲ್ಲಿ ಜನಿಸಿದ ವಿಲ್‌ಫ್ರೆಡ್ ಬಿಯಾನ್ ಮೊದಲ ಮಹಾಯುದ್ಧದಲ್ಲಿ ಟ್ಯಾಂಕ್ ದಳದ ಅಧಿಕಾರಿಯಾಗಿದ್ದು, ಬಳಿಕ ಮನೋವೈದ್ಯರಾದರು. 1942ರ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮ್‌ನ ನಾರ್ತ್‌ಫೀಲ್ಡ್ ಸೇನಾ ಆಸ್ಪತ್ರೆಯಲ್ಲಿ, ಮನಸ್ಸು ಜರ್ಝರಿತವಾಗಿದ್ದ ಸೈನಿಕರನ್ನು ಅವರು ಗುಂಪುಗಳಾಗಿ ಕೂಡಿಸಿದರು. ತಮ್ಮ ತೊಡಕುಗಳನ್ನು ತಾವೇ ಚರ್ಚಿಸುವಂತೆ ಬಿಟ್ಟರು. ಆರೇ ವಾರಗಳಲ್ಲಿ ಮೇಲಧಿಕಾರಿಗಳು ಪ್ರಯೋಗವನ್ನು ನಿಲ್ಲಿಸಿದರು. ಆದರೂ ಬೀಜ ಉಳಿಯಿತು. ಫೂಕ್ಸ್ ಮೊದಲಾದವರು ಅದೇ ಆಸ್ಪತ್ರೆಯಲ್ಲಿ ಸಮೂಹ ಮನೋಚಿಕಿತ್ಸೆಯನ್ನು ಬೆಳೆಸಿದರು.

ಅದೇ ಯುದ್ಧಕಾಲದಲ್ಲಿ, 1944ರಲ್ಲಿ, ಅಮೆರಿಕದ ಮ್ಯಾಡಿಗನ್ ಸೇನಾ ಆಸ್ಪತ್ರೆಗೆ ಬಂದ ಜಾನ್ ಬೊನಿಕಾ, ಗಾಯ ಮಾಗಿದರೂ ನೋವು ಮಾಗದ ಸೈನಿಕರನ್ನು ಕಂಡರು. ಒಬ್ಬ ವೈದ್ಯನಿಂದ ಇದು ಬಗೆಹರಿಯದೆಂದು ಅರಿತು ಬೇರೆ ಬೇರೆ ತಜ್ಞರನ್ನು ಒಂದೆಡೆ ಸೇರಿಸಿದರು. ನೋವಿನ ನಿರ್ವಹಣೆಯನ್ನು ಕುರಿತ ಅವರ ಬೃಹದ್ಗ್ರಂಥ 1953ರಲ್ಲಿ ಪ್ರಕಟವಾಯಿತು.

ಮುಂದೆ ಈ ಎರಡು ಧಾರೆಗಳು ಕೂಡಿದವು. ಇಂದು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ದೀರ್ಘಕಾಲದ ನೋವುಳ್ಳವರು ತರಬೇತಾದ ಚಿಕಿತ್ಸಕರೊಡನೆ ಗುಂಪಾಗಿ ಕೂರುತ್ತಾರೆ. ದುಡಿಮೆ ಮತ್ತು ವಿಶ್ರಾಂತಿಯನ್ನು ಹದವಾಗಿ ಹಂಚಿಕೊಳ್ಳುವುದು, ನಿದ್ರೆಯನ್ನು ಸರಿಪಡಿಸಿಕೊಳ್ಳುವುದು, 'ಇನ್ನು ನನ್ನಿಂದೇನೂ ಆಗದು' ಎಂಬ ಭಾವವನ್ನು ಪರೀಕ್ಷಿಸಿ ನೋಡುವುದು ಅಲ್ಲಿನ ಪಾಠಗಳು. ಇದರಿಂದ ನೋವು ಮಾಯವಾಗುವುದಿಲ್ಲ, ಇಳಿಕೆ ಅಲ್ಪವೇ. ಆದರೆ ನೋವಿನ ಹಿಡಿತ ಸಡಿಲಗೊಂಡು ಬದುಕಿಗೆ ಎಡೆ ದೊರೆಯುತ್ತದೆ.

ನಮ್ಮಲ್ಲಿ? ಕಲಬುರಗಿಯಿಂದ ರೈಲಿನಲ್ಲಿ ತಲುಪಬಹುದಾದ ಪುಣೆಯ ಖಡಕಿಯಲ್ಲಿ, ಬೆನ್ನುಹುರಿಗೆ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರ 1974ರಲ್ಲಿ ಆರಂಭವಾಯಿತು. ಮನಸ್ಸಿನ ಚಿಕಿತ್ಸೆಗೆ ಹೆಸರಾದ ಬೆಂಗಳೂರಿನ ನಿಮ್ಹಾನ್ಸ್ ಸ್ಥಾಪನೆಯಾದದ್ದೂ ಅದೇ ವರ್ಷ. ದೇಹಕ್ಕೊಂದು ಮನೆ, ಮನಸ್ಸಿಗೊಂದು ಮನೆ! ಆದರೆ ನೋಯುವವನು ಒಬ್ಬನೇ. 2003ರಲ್ಲಿ ಬಂದ ಮಾಜಿ ಸೈನಿಕರ ಆರೋಗ್ಯ ಯೋಜನೆಯಿಂದ ಔಷಧಿ ದೊರೆಯುತ್ತದೆ. ಸಂಗಡವನ್ನು ಗುಳಿಗೆಯಲ್ಲಿ ಕೊಡಲಾಗದು.

ನಮ್ಮ ಹಳ್ಳಿಗಳಲ್ಲಿ ಕಟ್ಟೆಗಳಿವೆ. ಕಟ್ಟೆಯ ಮಾತು ಚಿಕಿತ್ಸೆಯಾಗದು, ನಿಜ. ಆದರೆ 'ನಿನ್ನ ನೋವು ಹೇಗಿದೆ?' ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕುಳಿತುಕೊಳ್ಳುವ ನಾಲ್ಕು ಜನ ಸಿಕ್ಕರೆ, ಆ ಸೈನಿಕ ಚಿಕಿತ್ಸೆಯ ಬಾಗಿಲವರೆಗಾದರೂ ನಡೆದಾನು.